ಕೆರೆಯ ತಳಕ್ಕೊಂದು ಕನ್ನಡಕ

೨೦೦೧ನೇ ಇಸವಿಯ ಫೆಬ್ರವರಿ ತಿಂಗಳ ಕೊನೆಯ ವಾರದಲ್ಲಿ ನನಗೆ ಮೂವತ್ತೈದು ವರ್ಷ ತುಂಬಿ ನಾಲ್ಕು ತಿಂಗಳಾಗಿತ್ತು. ಆಗ ನಾನು ಮೂಡಿಗೆರೆಯಲ್ಲಿ ಕನ್ನಡದ ಮೇಷ್ಟ್ರಾಗಿದ್ದೆ. ಅಣ್ಣನ ತೋಟ ಗೋಣಿಬೀಡಿನ ಹತ್ತಿರವಿತ್ತು. ಆ ವಾರ ಅಲ್ಲಿ ಹದಿನೈದು ಸೆಂಟು ಮಳೆ ಬಿತ್ತು.

ಕಾಫಿಯವರು ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆಯುತ್ತಾರೆ; ನೂರು ಸೆಂಟಿಗೆ ಒಂದು ಇಂಚು. ರೊಬಸ್ಟಾ ಗಿಡ ಸರಿಯಾಗಿ ಅರಳಬೇಕಾದರೆ ಒಂದು ಇಂಚಾದರೂ ಬೇಕು. ಹದಿನೈದು ಸೆಂಟು ಬೀಳುವುದು ಏನೂ ಬೀಳದಿರುವುದಕ್ಕಿಂತ ಕೆಡುಕು. ಮೊಗ್ಗುಗಳು ಎಚ್ಚೆತ್ತು ಉಬ್ಬುತ್ತವೆ. ಅರಳುವಷ್ಟು ನೀರು ಸಿಗದಿದ್ದರೆ ಕೆಂಪಾಗಿ ಗಿಡದಲ್ಲೇ ಒಣಗುತ್ತವೆ. ಹತ್ತು ದಿನದೊಳಗೆ ಕೆರೆಯ ನೀರನ್ನು ಸ್ಪ್ರಿಂಕ್ಲರಿನಲ್ಲಿ ಕೊಡಲೇಬೇಕು. ಅಣ್ಣ ಮೇಲಿನ ತುಂಡಿಗೆ ಕೊಟ್ಟು ಮುಗಿಸಿದ್ದ. ಕೆಳಗಿನ ನಾಲ್ಕು ಎಕರೆಗೆ ಪೈಪು ಎಳೆದ ದಿನ, ಪಂಪು ಓಡುತ್ತಿದ್ದರೂ ನೀರು ಬರುವುದು ನಿಂತಿತು.

ಪಂಪಿನ ಮೆಕ್ಯಾನಿಕ್ ಹನ್ನೆರಡು ದಿನ ಬಿಟ್ಟು ಬರುವುದಾಗಿ ಹೇಳಿಕಳುಹಿಸಿದ. ಆ ವಾರ ಸುತ್ತಲಿನ ಎಲ್ಲ ತೋಟಗಳಲ್ಲೂ ಪಂಪುಗಳು ಓಡುತ್ತಿದ್ದವು. ಹೇಮಾವತಿಯಲ್ಲಿ ಈಜು ಕಲಿತವನು ಮನೆಯಲ್ಲಿ ನಾನೊಬ್ಬನೇ ಆದುದರಿಂದ, ಶಾಲೆಗೆ ರಜೆ ಬರೆದುಕೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಾನೇ ಕೆರೆಗೆ ಇಳಿದೆ. ಪಂಪು ನೀರೆಳೆಯುವ ಪೈಪಿನ ಬಾಯಿಯಲ್ಲಿ ಫುಟ್‌ವಾಲ್ವ್ ಇರುತ್ತದೆ. ಅದು ಹತ್ತಡಿ ಆಳದಲ್ಲಿತ್ತು. ಕಸ ಹೋಗದಂತೆ ಅದರ ಜರಡಿಗೆ ನೈಲಾನ್ ಬಲೆ ಸುತ್ತಿ ತಂತಿ ಬಿಗಿದಿದ್ದರು. ಕಟ್ಟೆಯ ಸೋರಿಕೆಗೆ ತುಂಬಿದ್ದ ಗೋಣಿಚೀಲವೊಂದು ಕಳಚಿ ಬಂದು, ಆ ಬಲೆಯ ಮೇಲೆ ಸುತ್ತಿ, ತಂತಿಗೆ ಸಿಕ್ಕಿಕೊಂಡಿತ್ತು. ಗೋಣಿಯನ್ನು ಕತ್ತರಿಸಬೇಕು, ಬಲೆಯನ್ನು ಕತ್ತರಿಸಕೂಡದು. ಬೆರಳುಗಳಿಗೆ ಎರಡೂ ಒಂದೇ ಆಗಿ ತೋರಿದವು.

"ಏನಾದ್ರೂ ಕಾಣ್ತದಾ?" ಎಂದು ಅಣ್ಣ ಕಟ್ಟೆಯ ಮೇಲಿನಿಂದ ಕೇಳಿದ.

"ಹಸಿರು ಕಾಣ್ತದೆ ಅಣ್ಣಯ್ಯ."

"ಹಸಿರು ನಂಗೂ ಇಲ್ಲಿಂದ್ಲೇ ಕಾಣ್ತದೆ ಮಾರಾಯ!"

ಮಂಗಳೂರಿನಲ್ಲಿ ಹಡಗಿನ ಕೆಲಸದಲ್ಲಿದ್ದ ನೆಂಟರೊಬ್ಬರು ಹಿಂದೊಮ್ಮೆ ಕೊಟ್ಟಿದ್ದ ಡೈವಿಂಗ್ ಮಾಸ್ಕ್ ನನ್ನಲ್ಲಿತ್ತು. ಹಳೆಯ ಮಾದರಿಯದು: ಕಪ್ಪು ರಬ್ಬರು, ಅಂಡಾಕಾರದ ಒಂದೇ ಗಾಜು, ಗಾಜನ್ನು ರಬ್ಬರಿಗೆ ಬಿಗಿಯುವ ಸ್ಕ್ರೂ ಇರುವ ಲೋಹದ ಪಟ್ಟಿ. ಅದನ್ನು ಹಾಕಿಕೊಂಡು ಮುಳುಗಿದಾಗ ನೀರಿನ ಮಸುಕು ಹೋಗಿ, ನನ್ನ ಕಣ್ಣಿನ ಮಸುಕು ಮಾತ್ರ ಉಳಿಯಿತು. ನನ್ನ ಎಡಗಣ್ಣಿಗೆ ಮೈನಸ್ ಆರು, ಬಲಗಣ್ಣಿಗೆ ಮೈನಸ್ ಮೂರು.

ಮನೆಯಲ್ಲಿ ನನ್ನದೊಂದು ಹಳೆಯ ದುಂಡು ಕನ್ನಡಕವಿತ್ತು. ಅದನ್ನು ಧರಿಸಿ ಮೇಲೆ ಮಾಸ್ಕ್ ಹಾಕಿದೆ. ಕನ್ನಡಕದ ಕಡ್ಡಿಗಳು ಹಣೆಯ ಪಕ್ಕದಲ್ಲಿ ರಬ್ಬರನ್ನು ಎತ್ತಿಹಿಡಿದುದರಿಂದ ಮೂರು ಅಡಿ ಇಳಿಯುವಷ್ಟರಲ್ಲಿ ಮೂಗಿನವರೆಗೆ ನೀರು ತುಂಬಿತು. ಕಡ್ಡಿಗಳನ್ನು ಕಿತ್ತು, ತಾಮ್ರದ ತಂತಿಯನ್ನು ಬಾಗಿಸಿ ಚೌಕಟ್ಟನ್ನು ಮಾಸ್ಕಿನೊಳಗೆ ತೂಗಿಹಾಕಿದೆ. ತಲೆ ಕೆಳಗೆ ಮಾಡಿದೊಡನೆ ಅದು ಹಣೆಗೆ ಏರಿತು. ಬಳಿಕ ಚೌಕಟ್ಟನ್ನೇ ಬಿಟ್ಟು, ಬರಿಯ ಮಸೂರಗಳನ್ನು ವ್ಯಾಸಲೀನಿನಿಂದ ಗಾಜಿಗೆ ಮೆತ್ತಿದೆ. ಅವು ಕಟ್ಟೆಯ ಮೇಲೆ ನಿಂತಿರುವಾಗಲೇ ಜಾರಿ ಗಲ್ಲಕ್ಕೆ ಇಳಿದವು. ಈ ಹೊತ್ತಿಗೆ ಶುಕ್ರವಾರ ಆಗಿತ್ತು. ಅಣ್ಣ ದಿನಕ್ಕೆರಡು ಸಲ ಕೆಳಗಿನ ತುಂಡಿಗೆ ಹೋಗಿ ಮೊಗ್ಗು ಹಿಚುಕಿ ನೋಡಿ ಬರುತ್ತಿದ್ದ.

ಉಳಿದದ್ದು ಪೈಪಿನ ಸೋರಿಕೆಗೆ ಹಚ್ಚುವ, ಎರಡು ಮುದ್ದೆ ಕಲಸಿ ಮಾಡುವ ಅಂಟು. ಅತ್ತಿಗೆ ನನ್ನ ಎದುರು ಕುಳಿತು, ಎರಡು ಕಣ್ಣುಗಳ ಪಾಪೆಗಳ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದರು: ಅರವತ್ತನಾಲ್ಕು ಮಿಲಿಮೀಟರ್. ಗಾಜಿನ ಮೇಲೆ ಗುರುತು ಮಾಡಿದೆ. ಮಸೂರಗಳ ಉಬ್ಬಿದ ಮೈಯನ್ನು ಗಾಜಿನ ಒಳಬದಿಗೆ ಒತ್ತಿ, ಅಂಚಿನ ಸುತ್ತ ಅಂಟನ್ನು ಎಳೆಯಂತೆ ಕೂರಿಸಿದೆ. ಒಂದೂವರೆ ಗಂಟೆಯ ಕೆಲಸ. ಮರುದಿನ ಬೆಳಿಗ್ಗೆ ಅದು ಕಲ್ಲಾಗಿತ್ತು.

ಶನಿವಾರ ಮುಳುಗಿದೆ. ಪೈಪು ಎರಡಾಗಿ ಕಂಡಿತು. ಇಕ್ಕಳ ಚಾಚಿದರೆ ಅದು ತಂತಿಯಿಂದ ಒಂದು ಗೇಣು ಈಚೆಗೆ, ಬರಿಯ ನೀರನ್ನು ಕಚ್ಚಿತು. ಮೂರನೆಯ ಮುಳುಗಿಗೆ ತಲೆ ಸುತ್ತಿ, ಕಟ್ಟೆಗೆ ಬಂದು ಬೆಳಗಿನ ಕಾಫಿಯನ್ನು ಕಕ್ಕಿದೆ.

"ನೀರು ಕದಡಿದೆ," ಎಂದೆ.

"ನೀರಿನ ಮೇಲ್ಯಾಕೆ ಹಾಕ್ತೀಯ?" ಎಂದರು ಅತ್ತಿಗೆ. "ಅದ್ನ ಇಲ್ಲೇ ಹಾಕ್ಕಂಡು, ಒಂದೊಂದೇ ಕಣ್ಣಲ್ಲಿ ನನ್ನ ಬೆರಳು ಎಣ್ಸು ನೋಡಾಣ."

ಎಡಗಣ್ಣಿಗೆ ಅವರ ಬೆರಳುಗಳು ಒಂದೇ ಮುದ್ದೆಯಾಗಿ ಕಂಡವು. ಬಲಗಣ್ಣು ಎಳೆದಂತಾಗಿ ನೀರು ಸುರಿಸಿತು. ಮಾಸ್ಕನ್ನು ತೆಗೆದು ನೋಡಿದೆ. ದಪ್ಪ ಮಸೂರ ಬಲಕ್ಕಿತ್ತು, ತೆಳ್ಳನೆಯದು ಎಡಕ್ಕಿತ್ತು.

ತಪ್ಪು ಹೇಗಾಯಿತೆಂಬುದನ್ನು ನಾನು ಆ ಕಟ್ಟೆಯ ಮೇಲೆಯೇ ಕಂಡುಕೊಂಡೆ. ಶಾಲೆಯಲ್ಲಿ ಕವಾಯತು ಮಾಡಿಸುವ ಕೆಲಸವೂ ಹನ್ನೆರಡು ವರ್ಷಗಳಿಂದ ನನ್ನದೇ ಆಗಿತ್ತು. ಮಕ್ಕಳಿಗೆ ಎದುರಾಗಿ ನಿಂತು "ಎಡಗೈ" ಎನ್ನುವಾಗ ನಾನು ಬಲಗೈ ಎತ್ತುತ್ತಿದ್ದೆ. ಇಲ್ಲದಿದ್ದರೆ ನೋಡಿ ಅನುಸರಿಸುವ ಮಕ್ಕಳು ತಪ್ಪುತ್ತಾರೆ. ಎದುರಿಗಿರುವುದರ ಎಡ ನನ್ನ ಬಲ ಎಂಬುದು ನನಗೆ ಯೋಚಿಸದೆ ಬರುವಷ್ಟು ರೂಢಿಯಾಗಿತ್ತು. ಮಾಸ್ಕಿನ ಒಳಮೈಯನ್ನು ಮುಖದ ಮುಂದೆ ಹಿಡಿದು ಕೆಲಸ ಮಾಡುವಾಗ, ಅದನ್ನೂ ಎದುರು ನಿಂತ ವಿದ್ಯಾರ್ಥಿಯೆಂದೇ ಎಣಿಸಿಬಿಟ್ಟಿದ್ದೆ. ಅದು ನನ್ನ ಮುಖಕ್ಕೆ ನೇರವಾಗಿ ಬಂದು ಕೂರುವ ವಸ್ತು. ಅದರ ಎಡ ನನ್ನ ಎಡವೇ.

ಅಂಟನ್ನು ಎಬ್ಬಿಸಲು ನೋಡಿದರೆ ಮಸೂರದ ಅಂಚು ಚಕ್ಕೆಯೇಳತೊಡಗಿತು. ಬೇರೆ ಮಸೂರಗಳನ್ನು ಮಾಡಿಸಿ ತರಿಸಲು ನಾಲ್ಕು ದಿನ ಬೇಕಾಗುತ್ತಿತ್ತು. ಅಣ್ಣ ಎದ್ದು ಪಂಚೆ ಕೊಡವಿಕೊಂಡ.

"ಹೋಗ್ಲಿ ಬಿಡು. ಕೆಳಗಿನ ತುಂಡು ಈ ವರ್ಷ ಇಲ್ಲಾಂತ ತಿಳ್ಕಂಡ್ರಾಯ್ತು."

ಅತ್ತಿಗೆ ಮಾಸ್ಕನ್ನು ಕೈಗೆ ತೆಗೆದುಕೊಂಡು ಲೋಹದ ಪಟ್ಟಿಯ ಸ್ಕ್ರೂವನ್ನು ಉಗುರಿನಿಂದ ಮುಟ್ಟಿ ನೋಡುತ್ತಿದ್ದರು. "ಇದು ನಮ್ಮ ಪೈಪಿನ ಕ್ಲಿಪ್ಪಿನ ಹಂಗೇ ಅದೆ. ಬಿಚ್ಚಿ, ಗಾಜನ್ನ ಅರ್ಧ ಸುತ್ತು ತಿರುಗ್ಸಿ ಕೂರ್ಸು. ಬಲದ್ದು ಎಡಕ್ಕೆ ಬರ್ತದೆ."

"ಆಗ ಮಸೂರಗಳು ತಲೆಕೆಳಗಾಗ್ತವೆ ಅತ್ತಿಗೆ."

"ದುಂಡಗಿನ ಗಾಜಿಗೆ ತಲೆ ಯಾವ್ದು, ಕಾಲು ಯಾವ್ದು ಮಾರಾಯ? ಎಷ್ಟು ಓದಿದ್ರೂ ಅಷ್ಟೇ!"

ಅಣ್ಣ ನಕ್ಕ. ಆ ವಾರದಲ್ಲಿ ಅವನು ನಕ್ಕದ್ದು ಅದೊಂದೇ ಸಲ.

ಸ್ಕ್ರೂ ತುಕ್ಕು ಹಿಡಿದಿತ್ತು; ಸೀಮೆಎಣ್ಣೆ ಬಿಟ್ಟು ಸಂಜೆಯವರೆಗೆ ಕಾದೆವು. ಗಾಜನ್ನು ತಿರುಗಿಸಿ ಕೂರಿಸಿದ ಮೇಲೆ ಮಸೂರಗಳು ಇರಬೇಕಾದುದಕ್ಕಿಂತ ತುಸು ಕೆಳಗೆ ಬಂದವು. ಗದ್ದವನ್ನು ಸ್ವಲ್ಪ ಮೇಲೆತ್ತಿ ನೋಡಿದರೆ ಸಾಕಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಕೆರೆಯ ತಳದಲ್ಲಿ ನಾನು ಗೋಣಿಯ ಹೆಣಿಗೆಯನ್ನು ಎಳೆ ಎಳೆಯಾಗಿ ಕಂಡೆ. ತಂತಿಯ ತಿರುಚು ಎಲ್ಲಿದೆ, ಬಲೆ ಎಲ್ಲಿ ಮುಗಿಯುತ್ತದೆ ಎಂಬುದು ಸ್ಪಷ್ಟವಾಗಿತ್ತು. ಹನ್ನೊಂದು ಮುಳುಗುಗಳು ಬೇಕಾದವು. ಬಲೆ ಒಂದು ಕಡೆ ಎರಡು ಬೆರಳಿನಷ್ಟು ಹರಿಯಿತು. ಅದು ನನ್ನ ಅವಸರದಿಂದಾದದ್ದು. ಗೋಣಿ ಮೇಲಕ್ಕೆ ಬಂದ ಮೇಲೆ ಪಂಪು ಹಾಕಿದರು, ನೀರು ಹತ್ತಿತು. ಮಂಗಳವಾರ ಸಂಜೆಯ ಹೊತ್ತಿಗೆ ಕೆಳಗಿನ ತುಂಡಿಗೆ ನೀರು ಕೊಟ್ಟು ಮುಗಿಯಿತು.

ಆದರೆ ಮೊಗ್ಗುಗಳು ಉಳಿದಿದ್ದವೇ, ಕೆಟ್ಟಿದ್ದವೇ ಎಂಬುದನ್ನು ಯಾರೂ ಹೇಳಬಲ್ಲವರಾಗಿರಲಿಲ್ಲ. ನಾನು ಶಾಲೆಗೆ ಹಿಂದಿರುಗಿದೆ. ಎಂಟು ದಿನಗಳ ಬಳಿಕ, ನಾನು ತರಗತಿಗೆ ಹೊರಡುವ ಮುನ್ನ, ಅಣ್ಣ ಪಕ್ಕದ ಮನೆಗೆ ಫೋನು ಮಾಡಿ ನನ್ನನ್ನು ಕರೆಸಿದ. ಬೇಲಿಯಂಚಿನ ಎರಡು ಸಾಲು ಕೆಂಪಾಗಿ ಒಣಗಿವೆ, ಉಳಿದುದೆಲ್ಲ ಅರಳಿ ಬಿಳಿಯಾಗಿದೆ ಎಂದ. ಅಂದು ೨೦೦೧ನೇ ಇಸವಿ ಮಾರ್ಚ್ ೧೪, ಬುಧವಾರ.