ಕಲ್ಲುಬೆಂಚಿನ ಮುಂದೆ ಶಾಸಕರು
ಭಾನುವಾರ ಬೆಳಗ್ಗೆ ಬಸವೇಶ್ವರನಗರದ ಪಾರ್ಕಿನ ಕಲ್ಲುಬೆಂಚಿನ ಮುಂದೆ ನಿಂತು ಕ್ಷೇತ್ರದ ಜನಕ್ಕೆ ವರದಿ ಒಪ್ಪಿಸದಿದ್ದರೆ ಹೊಸ ಶಾಸಕ ರುದ್ರೇಗೌಡರಿಗೆ ತಿಂಡಿ ಸೇರುವುದಿಲ್ಲ. ಮೊದಲು ಮೋರಿ, ಆಮೇಲೆ ಬೀದಿದೀಪ, ಕೊನೆಗೆ ವಿಧಾನಸಭೆ. ಮೊನ್ನೆಮೊನ್ನೆಯವರೆಗೆ ಹಿಟ್ಟಿನ ಗಿರಣಿ ನಡೆಸಿದವರಾದ್ದರಿಂದ ಕಾನೂನನ್ನೂ ಗಿರಣಿಯ ಭಾಷೆಯಲ್ಲೇ ಹೇಳುತ್ತಾರೆ: “ಮಸೂದೆ ಅಂದ್ರೆ ರಾಗಿ ಇದ್ದಂಗೆ ಸಾರ್. ಕಲ್ಲು ಆರಿಸ್ತೀವಿ, ಆಮೇಲೆ ಬೀಸ್ತೀವಿ.” ಗಿರಣಿಯ ಸದ್ದನ್ನು ಮೀರಿ ಮಾತಾಡಿ ಪಳಗಿದ ಗಂಟಲು, ಅವರು ಗುಟ್ಟು ಹೇಳಿದರೂ ಮಹಾಲಕ್ಷ್ಮಿ ಲೇಔಟಿಗೆ ಕೇಳಿಸುತ್ತದೆ ಎಂದು ವಾಕಿಂಗಿನವರು ನಗುತ್ತಾರೆ. ದೂರು ತಂದವರ ಹೆಸರು ಮರೆತರೂ ಅವರ ಮನೆಗೆ ಹಿಟ್ಟು ನುಣ್ಣಗಿರಬೇಕೋ ತರಿತರಿಯಾಗಿರಬೇಕೋ ಎಂಬುದನ್ನು ಮರೆಯುವುದಿಲ್ಲ. ಸಭೆಯಲ್ಲಿ ಯಾರ್ಯಾರು ಹೇಗೆ ಗುಡುಗಿದರೆಂದು ಅಭಿನಯಿಸಿ ತೋರಿಸುತ್ತಾರೆ. ತಾವು ಮಾತಾಡಿದ್ದನ್ನು ಮಾತ್ರ ಹೇಳುವುದಿಲ್ಲ. ಅದೇಕೆಂದು, ಟೀವಿಯಲ್ಲಿ ಕಲಾಪ ಬಿಡದೆ ನೋಡುವ ಪಕ್ಕದ ಬೀದಿಯ ವಿಮಲಮ್ಮನವರಿಗೆ ಗೊತ್ತು. ಮೋರಿಯ ವಿಷಯಕ್ಕೆ ಮೊದಲ ಸಲ ಎದ್ದುನಿಂತ ಗೌಡರು “ಮಾನ್ಯ ಸಭಾಧ್ಯಕ್ಷರೇ” ಎಂದಿದ್ದರು. ಗಿರಣಿಯ ಸದ್ದಿಲ್ಲದ ಆ ಸಭೆಯ ನಿಶ್ಶಬ್ದದಲ್ಲಿ ಮುಂದಿನ ಮಾತು ಹೊರಡದೆ, ನೀರು ಕುಡಿದು ಕೂತುಬಿಟ್ಟಿದ್ದರು. ಈ ಭಾನುವಾರ ಪಾರ್ಕಿನಲ್ಲಿ ಮೋರಿಯ ಮಾತು ಬಂದಾಗ ಅವರ ಬಾಯಿಂದ ಅದೇ “ಮಾನ್ಯ ಸಭಾಧ್ಯಕ್ಷರೇ” ಜಾರಿತು. ಯಾರೋ ಕಿಸಕ್ಕನೆ ನಕ್ಕರು. ಗೌಡರ ಮುಖ ಇಳಿದುಹೋಯಿತು, ಮಾತು ನಿಂತಿತು. ವಿಮಲಮ್ಮ ಸೊಪ್ಪಿನ ಚೀಲ ಕೆಳಗಿಟ್ಟರು, ಸೆರಗು ಸರಿಮಾಡಿಕೊಂಡು ಕಲ್ಲುಬೆಂಚಿನ ನಟ್ಟನಡುವೆ ನೆಟ್ಟಗೆ ಕೂತು, ಒಂಚೂರೂ ನಗದೆ ಹೇಳಿದರು: “ಮಾನ್ಯ ಸದಸ್ಯರು ಮುಂದುವರಿಸಬಹುದು.”