ನೊರೀನ್‌ಗೆ ಒಂದು ವರ್ಷ, ಲೋರ್ನಾಗೆ ಐದು

ನೊರೀನ್ ಆಸ್ಪಿನಾಲ್‌ಗೆ ತಂಗಿಯ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲ. ಹಾಗಂತ ಅವಳೇ ಅರವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಳು, ಕೇಳದೇ ಇದ್ದವರಿಗೂ. ತಂಗಿ ಲೋರ್ನಾಗೆ ಪ್ರಾರ್ಥನಾಮಂದಿರದ ಹಾಡುಗಾರರ ಗುಂಪಿನಲ್ಲಿ ಮುಂದಿನ ಸಾಲು ಸಿಕ್ಕಿದ್ದು ಅವಳು ಕುಳ್ಳಿ ಅನ್ನುವ ಕಾರಣಕ್ಕೆ. ಕಾರಿದ್ದ ಗಂಡ ಸಿಕ್ಕಿದ್ದು ಆ ಮನುಷ್ಯನಿಗೆ ದೂರದ ಕಣ್ಣು ಮಂಜಾಗಿತ್ತು ಅನ್ನುವ ಕಾರಣಕ್ಕೆ. ಸಮುದ್ರದ ಎದುರು ಫ್ಲ್ಯಾಟು ಸಿಕ್ಕಿದ್ದು ಆ ಗಂಡ ಬೇಗ ತೀರಿಕೊಂಡ ಅನ್ನುವ ಕಾರಣಕ್ಕೆ. ಇದರಲ್ಲೆಲ್ಲ ಹೊಟ್ಟೆ ಉರಿದುಕೊಳ್ಳುವಂಥದ್ದು ಏನಿದೆ?

ಅಪ್ಪ ಮಾತ್ರ ಭೇದ ಮಾಡಿದವನಲ್ಲ. ಹಾಲ್ಡನ್‌ಶಾ ಮಿಲ್ಲಿನಲ್ಲಿ ಮಗ್ಗ ರಿಪೇರಿಯ ಮೇಸ್ತ್ರಿಯಾಗಿದ್ದ ಅವನು ಸಾಯುವಾಗ ಪ್ರಾವಿಡೆನ್ಸ್ ಬೀದಿಯ ಎರಡು ಮನೆಗಳನ್ನು ಇಬ್ಬರಿಗೂ ಒಂದೊಂದರಂತೆ ಬರೆದಿಟ್ಟ. ಹದಿನಾಲ್ಕನೇ ನಂಬರು ದೊಡ್ಡವಳಿಗೆ, ಹದಿನಾರು ಚಿಕ್ಕವಳಿಗೆ. ಎರಡಕ್ಕೂ ಒಂದೇ ಇಟ್ಟಿಗೆ, ಒಂದೇ ಹೊಗೆಗೂಡು, ನಡುವೆ ಒಂದೇ ಗೋಡೆ. ಆ ಕಡೆ ಸೀನಿದರೆ ಈ ಕಡೆಯವರು ದೇವರು ಒಳ್ಳೇದು ಮಾಡಲಿ ಅನ್ನಬಹುದು, ಅಷ್ಟು ತೆಳು. ಇಬ್ಬರೂ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದರು. ಲೋರ್ನಾ ಸಮುದ್ರದ ಊರಿನಲ್ಲಿ ಕೂತು ಎರಡು ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದಳು. ನೊರೀನ್ ಎದುರು ಸಾಲಿನ ಮೂವತ್ತೊಂದರಲ್ಲೇ ಇದ್ದು, ತನ್ನ ಬಾಡಿಗೆದಾರ ಕ್ಲಿಫರ್ಡ್‌ನನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದಳು.

ನೋಡಿಕೊಳ್ಳುವುದು ಅಂದರೆ ನಿಜವಾಗಿಯೂ ನೋಡಿಕೊಳ್ಳುವುದೇ. ಕ್ಲಿಫರ್ಡ್ ಶಾಲೆಯ ಬಸ್ಸಿನ ಡ್ರೈವರು, ಐವತ್ತು ದಾಟಿದ ಒಂಟಿ ಗಂಡಸು. ಅವನು ಬಸ್ಸು ಹತ್ತಿದ ಮೇಲೆ ನೊರೀನ್ ತನ್ನ ಬೀಗದಕೈಯಿಂದ ಬಾಗಿಲು ತೆಗೆದು ಒಳಗೆ ಹೋಗಿ ಹಾಲನ್ನು ಫ್ರಿಜ್ಜಿಗಿಟ್ಟು, ಪರದೆ ನೇರ ಮಾಡಿ, ಹೊಸ್ತಿಲು ಉಜ್ಜಿ ಬರುತ್ತಿದ್ದಳು. ಅವನು ಮನೆಯಲ್ಲಿದ್ದರೂ ಹೋಗುತ್ತಿದ್ದಳು. ಒಂದು ಸಲ ಮನೆ ಬೆಚ್ಚಗಿಡುವ ರೇಡಿಯೇಟರಿನಲ್ಲಿ ಸಿಕ್ಕಿಕೊಂಡ ಗಾಳಿ ಬಿಡಲು ಹೋದಾಗ ಕ್ಲಿಫರ್ಡ್ ಸ್ನಾನದ ತೊಟ್ಟಿಯಲ್ಲಿದ್ದ. ಅವನು ಕಿರುಚಿಕೊಂಡ. ನೊರೀನ್, "ನಾನು ಕಣೋ, ಗಾಬರಿಯಾಗ್ಬೇಡ," ಅಂತ ಸಮಾಧಾನ ಹೇಳಿ ಗಾಳಿ ಬಿಟ್ಟೇ ಬಂದಳು.

ಹೀಗಿರುವಾಗ ಊರಿನ ಕೌನ್ಸಿಲ್ಲು ಹೊಸ ನಿಯಮ ತಂದಿತು. ಈ ವಾರ್ಡಿನಲ್ಲಿ ಮನೆ ಬಾಡಿಗೆಗೆ ಕೊಡುವವರೆಲ್ಲ ಲೈಸೆನ್ಸ್ ತೆಗೆದುಕೊಳ್ಳಬೇಕು; ಮನೆಯನ್ನೂ ಮಾಲೀಕರನ್ನೂ ನೋಡಿ, ಯೋಗ್ಯರಾದರೆ ಕೊಡುತ್ತೇವೆ.

"ಒಂದು ಕಾಲದಲ್ಲಿ ನಾಯಿಗೆ ಲೈಸೆನ್ಸು, ಆಮೇಲೆ ಟೀವಿಗೆ, ಈಗ ನನಗೆ!" ಅಂತ ನೊರೀನ್ ಕಟುಕನ ಅಂಗಡಿಯಲ್ಲಿ ರೇಗಿದಳು. ಆದರೆ ಒಳಗೊಳಗೆ ಹಿಗ್ಗಿದಳು. ಬದುಕಿನಲ್ಲಿ ಮೊದಲ ಸಲ ಯಾರೋ ಮೂರನೆಯವರು, ಅದೂ ಸರ್ಕಾರದ ಕಡೆಯವರು, ಎರಡು ಮನೆಗಳನ್ನೂ ಅಕ್ಕತಂಗಿಯರನ್ನೂ ಅಕ್ಕಪಕ್ಕ ಇಟ್ಟು ತೂಗಿ ನೋಡುವವರಿದ್ದರು.

ಕೌನ್ಸಿಲ್ಲಿನಿಂದ ಬಂದವಳು ಮಿಸ್ ಸಾದಿಕ್ ಅನ್ನುವ ಚಿಕ್ಕ ವಯಸ್ಸಿನ ಹುಡುಗಿ. ಕ್ಲಿಫರ್ಡ್ ಎದ್ದು ಬರುವಷ್ಟರಲ್ಲಿ ನೊರೀನ್ ತಾನೇ ಬೀಗ ತೆಗೆದು ಅವಳನ್ನು ಒಳಗೆ ಕರೆದೊಯ್ದಳು. ಬಾಯ್ಲರು, ಹೊಗೆಯ ಅಲಾರಮ್ಮು, ಮೆಟ್ಟಿಲಿನ ಕಟಾಂಜನ ಎಲ್ಲವೂ ಹೊಳೆಯುತ್ತಿದ್ದವು.

"ನೀವು ಇಲ್ಲಿಗೆ ಎಷ್ಟು ದಿನಕ್ಕೊಮ್ಮೆ ಬರ್ತೀರಿ, ಮಿಸೆಸ್ ಆಸ್ಪಿನಾಲ್?"

"ದಿನಾ ಬರ್ತೀನಿ, ಭಾನುವಾರ ಎರಡು ಸಲ ಬರ್ತೀನಮ್ಮಾ. ನನ್ನದೇ ಬೀಗದಕೈ ಇದೆ. ಕೆಲವರ ಥರ ಬಾಡಿಗೆ ಎಣಿಸ್ಕೊಂಡು ಸಮುದ್ರ ನೋಡ್ತಾ ಕೂರೋಳಲ್ಲ ನಾನು."

ಮಿಸ್ ಸಾದಿಕ್ ಬರೆದುಕೊಂಡಳು. ಉದ್ದಕ್ಕೆ ಬರೆದಳು. ಹೊಗಳಿಕೆ ಇಷ್ಟುದ್ದ ಇರಬೇಕಾದರೆ ಪಕ್ಕದ ಮನೆಗೆ ಹಾಳೆಯೇ ಉಳಿಯುವುದಿಲ್ಲ ಅಂದುಕೊಂಡಳು ನೊರೀನ್.

"ಬರೋ ಮುಂಚೆ ನಿಮಗೆ ತಿಳಿಸ್ತಾರಾ?" ಅಂತ ಮಿಸ್ ಸಾದಿಕ್ ಕ್ಲಿಫರ್ಡ್‌ನನ್ನು ಕೇಳಿದಳು.

ಕ್ಲಿಫರ್ಡ್ ಒಳ್ಳೆಯವನು, ಬಿಟ್ಟುಕೊಡಲಿಲ್ಲ. "ತಿಳಿಸ್ತಾರೆ," ಅಂದ. "ಹಜಾರಕ್ಕೆ ಬಂದು ಕೆಮ್ತಾರೆ."

ಮೂರು ವಾರಕ್ಕೆ ಲಕೋಟೆ ಬಂತು. ನೊರೀನ್ ಒಡೆದು ಓದುತ್ತಿದ್ದ ಹಾಗೇ ಫೋನು ಬಡಿದುಕೊಂಡಿತು.

"ಐದು ವರ್ಷ ಕಣೇ ನೊರೀನ್!" ಅಂದಳು ಲೋರ್ನಾ. "ಪೂರ್ತಿ ಐದು ವರ್ಷಕ್ಕೆ ಲೈಸೆನ್ಸ್ ಕೊಟ್ಟಿದಾರೆ. ನಿಂಗೆಷ್ಟು?"

"ಇನ್ನೂ ಬಂದಿಲ್ಲ," ಅಂದಳು ನೊರೀನ್, ಒಂದು ವರ್ಷ ಅಂತ ಬರೆದಿದ್ದ ಕಾಗದವನ್ನು ಕೈಯಲ್ಲೇ ಹಿಡಿದುಕೊಂಡು. "ನಮ್ಮ ಪೋಸ್ಟಿನವನಿಗೆ ಮಂಡಿನೋವು."

ಲೈಸೆನ್ಸಿನ ಪ್ರತಿಯನ್ನು ಬಾಡಿಗೆದಾರರಿಗೆ ಕಾಣುವ ಹಾಗೆ ಹಜಾರದಲ್ಲಿ ತೂಗುಹಾಕಬೇಕು ಅನ್ನುವುದೂ ಒಂದು ಷರತ್ತು. ಮಾರನೆಯ ವಾರ ನೊರೀನ್ ಹದಿನಾರನೇ ನಂಬರಿನ ಬಾಗಿಲ ಮುಂದೆ ಬಗ್ಗಿ, ಕಾಗದ ಹಾಕುವ ಕಿಂಡಿಯನ್ನು ಎರಡು ಬೆರಳಲ್ಲಿ ಎತ್ತಿ, ಒಂದು ಕಣ್ಣು ಒಳಗಿಟ್ಟಳು. ಗೋಡೆಯ ಮೇಲೆ ಲೋರ್ನಾಳ ಹೆಸರು, ಕೌನ್ಸಿಲ್ಲಿನ ಮುದ್ರೆ, ಸುತ್ತ ಬಂಗಾರದ ಬಣ್ಣದ ಕಟ್ಟು. ಕಟ್ಟು ಹಾಕಿಸಿ ಅಂತ ಕೌನ್ಸಿಲ್ಲು ಹೇಳಿರಲಿಲ್ಲ. ಹಾಕಿಸಿ ಅಂಚೆಯಲ್ಲಿ ಕಳಿಸಿದ್ದು ಲೋರ್ನಾಳ ಬುದ್ಧಿ.

"ಏನು ನೋಡ್ತಿದೀರಿ, ಮಿಸೆಸ್ ಆಸ್ಪಿನಾಲ್?" ಅಂತ ಹಿಂದಿನಿಂದ ಕ್ಲಿಫರ್ಡ್‌ನ ದನಿ.

"ಚಳಿಗಾಳಿ ಒಳಗೆ ಹೋಗತ್ತಾ ಅಂತ," ಅಂದಳು ನೊರೀನ್, ಎದ್ದು ನಿಂತು ಸ್ಕರ್ಟು ಸರಿಮಾಡಿಕೊಳ್ಳುತ್ತ. "ಹೋಗತ್ತೆ."

ಅಲ್ಲಿಂದ ನೆಟ್ಟಗೆ ಕೌನ್ಸಿಲ್ಲಿನ ಕಚೇರಿಯಿದ್ದ ಟೌನ್‌ಹಾಲಿಗೆ ಹೋದಳು. ಮಿಸ್ ಸಾದಿಕ್ ಕುರ್ಚಿ ಎಳೆದು ಕೂರಿಸಿ, ಫೈಲು ತೆಗೆದಳು.

"ನಿಮ್ಮ ಮನೇಲಿ ಏನೂ ತಪ್ಪಿಲ್ಲ. ನಿಮ್ಮ ತಂಗಿಯವರ ಮನೆಗಿಂತ ಚೆನ್ನಾಗೇ ಇದೆ."

"ಅದನ್ನ ಬರೆದುಕೊಡ್ತೀರಾ?"

"ತಪ್ಪಿರೋದು ನಿಮ್ಮಲ್ಲಿ, ಮಿಸೆಸ್ ಆಸ್ಪಿನಾಲ್. ಬಾಡಿಗೆಗೆ ಕೊಟ್ಟ ಮೇಲೆ ಅದು ಅವರ ಮನೆ. ಇಪ್ಪತ್ನಾಲ್ಕು ಗಂಟೆ ಮುಂಚೆ, ಯಾಕೆ ಬರ್ತೀನಿ ಅಂತ ಬರೆದು ತಿಳಿಸಬೇಕು. ಅವರು ಬನ್ನಿ ಅಂದ್ರೆ ಹೋಗಬೇಕು. ನಿಮ್ಮ ತಂಗಿ ಎರಡು ವರ್ಷದಿಂದ ಒಂದು ಸಲಾನೂ ಒಳಗೆ ಹೋಗಿಲ್ಲ, ಏನಿದ್ರೂ ಕಾಗದದಲ್ಲೇ."

ಹನ್ನೊಂದು ವರ್ಷ ಹೊಸ್ತಿಲು ಉಜ್ಜಿದವಳಿಗೆ ಒಂದು, ಬೆರಳೂ ಅಲ್ಲಾಡಿಸದವಳಿಗೆ ಐದು! ಸೋಮಾರಿತನಕ್ಕೆ ಬಂಗಾರದ ಕಟ್ಟು!

"ವರ್ಷ ಕಳೆದ ಮೇಲೆ ಮತ್ತೆ ಬರ್ತೀನಿ," ಅಂದಳು ಮಿಸ್ ಸಾದಿಕ್. "ಸರಿಹೋಗಿದ್ರೆ ನಿಮಗೂ ಐದು ವರ್ಷ. ಇಲ್ಲಾಂದ್ರೆ ಮನೇನ ಲೈಸೆನ್ಸ್ ಇರೋ ಬೇರೆ ಯಾರಾದ್ರೂ ನೋಡ್ಕೋಬೇಕಾಗತ್ತೆ."

ಲೈಸೆನ್ಸುಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಲೋರ್ನಾ ನೋಡಿದಳು. ಆ ಸಂಜೆಯೇ ಫೋನು ಮಾಡಿದಳು, ದನಿಯಲ್ಲಿ ಜೇನು ಸುರಿಸುತ್ತ.

"ಪಾಪ ಕಣೇ ನೊರೀನ್. ನೀನು ತಲೆ ಕೆಡಿಸ್ಕೋಬೇಡ. ಮುಂದಿನ ವರ್ಷ ನಿಂಗೆ ಲೈಸೆನ್ಸ್ ಸಿಗದೇ ಹೋದ್ರೆ ಹದಿನಾಲ್ಕನ್ನೂ ನಾನೇ ನೋಡ್ಕೋತೀನಿ. ಹೇಗೂ ನಂದು ಐದು ವರ್ಷದ್ದಿದೆಯಲ್ಲ. ಅಪ್ಪನ ಮನೆ ಮನೆಯವರ ಕೈಯಲ್ಲೇ ಇರತ್ತೆ."

ಅಪ್ಪನ ಎರಡೂ ಮನೆ, ಎರಡೂ ಹಜಾರ, ಎರಡರಲ್ಲೂ ಲೋರ್ನಾಳ ಹೆಸರು! ನೊರೀನ್ ಅವತ್ತು ಹದಿನಾಲ್ಕರ ಬೀಗದಕೈಯನ್ನು ಹಳೇ ಟೀಪಾತ್ರೆಯೊಳಗೆ ಹಾಕಿ, ಮುಚ್ಚಳ ಮುಚ್ಚಿ, ಮೇಲೆ ಬೈಬಲ್ ಇಟ್ಟಳು.

ಮರುದಿನ ಮೊದಲ ಕಾಗದ ಬರೆದಳು. 'ಮಾನ್ಯರೇ, ನಾಳೆ ನಾಲ್ಕು ಗಂಟೆಗೆ ಬರಲು ಅಪ್ಪಣೆ ಕೋರುತ್ತೇನೆ. ಕಾರಣ: ಪರದೆ ಸೊಟ್ಟಗಿದೆ.' ಬೀದಿ ದಾಟಿ ಕಿಂಡಿಯಲ್ಲಿ ಹಾಕಿದಳು. ಸಂಜೆ ಅವಳ ಕಿಂಡಿಯಲ್ಲಿ ಉತ್ತರ ಬಿತ್ತು. 'ಪ್ರಿಯ ಮಿಸೆಸ್ ಆಸ್ಪಿನಾಲ್, ನಾಳೆ ಆಗುವುದಿಲ್ಲ. ಪರದೆ ಆರಾಮಾಗಿದೆ. ಇತಿ, ಕ್ಲಿಫರ್ಡ್.'

ಹನ್ನೊಂದು ವರ್ಷದಲ್ಲಿ ಅವನು ಅವಳಿಗೆ ಆಗುವುದಿಲ್ಲ ಅಂದದ್ದು ಅದೇ ಮೊದಲು. ಪಾಪದವನಿಗೆ ಹಾಗೆ ಅನ್ನಬಹುದು ಅಂತಲೇ ಗೊತ್ತಿರಲಿಲ್ಲ. ನೊರೀನ್ ಮೂವತ್ತೊಂದರ ಕಿಟಕಿಯಲ್ಲಿ ಕೂತು ಆ ಸೊಟ್ಟ ಪರದೆಯನ್ನು ಹನ್ನೆರಡು ದಿನ ನೋಡಿದಳು. ಹಲ್ಲುನೋವಿನವರು ಹಲ್ಲನ್ನು ನಾಲಿಗೆಯಲ್ಲಿ ಮುಟ್ಟಿ ಮುಟ್ಟಿ ನೋಡುವ ಹಾಗೆ. ಆದರೂ ತಡೆದುಕೊಂಡಳು, ಸಂಯಮದಿಂದಲ್ಲ. ಕೈ ಟೀಪಾತ್ರೆಯ ಕಡೆ ಹೋದಾಗಲೆಲ್ಲ ಕಣ್ಣ ಮುಂದೆ ಬಂಗಾರದ ಕಟ್ಟು ಬರುತ್ತಿತ್ತು. ದೇವರ ಭಯ ಮಾಡಲಾಗದ್ದನ್ನು ತಂಗಿ ಮಾಡಿದಳು.

ಹೋಗುತ್ತ ಹೋಗುತ್ತ ಕ್ಲಿಫರ್ಡ್ ಬುಧವಾರಗಳಿಗೆ ಒಪ್ಪತೊಡಗಿದ. ಅವಳು ಬೆಲ್ ಒತ್ತುತ್ತಿದ್ದಳು, ಅವನು ಬಾಗಿಲು ತೆಗೆಯುತ್ತಿದ್ದ. ಪರದೆ ಮುಟ್ಟಲು ಮಾತ್ರ ಬಿಡುತ್ತಿರಲಿಲ್ಲ. ಆಮೇಲೆ ಟೀ ಶುರುವಾಯಿತು. ಹನ್ನೊಂದು ವರ್ಷ ಆ ಮನೆಯ ಪ್ರತಿಯೊಂದು ಕಪ್ಪನ್ನೂ ತೊಳೆದಿದ್ದ ನೊರೀನ್ ಅದರಲ್ಲಿ ಟೀ ಕುಡಿದದ್ದು ಆಗಲೇ.

ವರ್ಷ ತುಂಬಿತು. ಮಿಸ್ ಸಾದಿಕ್ ಮಾರ್ಚಿನ ಒಂದು ಬುಧವಾರ ನಾಲ್ಕಕ್ಕೆ ಬರುತ್ತೇನೆಂದು ಬರೆದಳು. ಧೈರ್ಯ ಹೇಳುವ ನೆಪದಲ್ಲಿ ಲೋರ್ನಾ ಸಮುದ್ರದ ಊರಿನಿಂದ ಹೊಸ ಕೋಟು ಹಾಕಿಕೊಂಡು ಬಂದಿಳಿದಳು.

ನಾಲ್ಕಕ್ಕೆ ಐದು ನಿಮಿಷವಿತ್ತು. ಮಂಜು ಬೆರೆತ ಮಳೆ ಮುಖಕ್ಕೆ ಹೊಡೆಯುತ್ತಿತ್ತು. ಹದಿನಾಲ್ಕರ ಮುಂದೆ ನೊರೀನ್ ಕೊಡೆ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಮಿಸ್ ಸಾದಿಕ್. ಕ್ಲಿಫರ್ಡ್ ಬಾಗಿಲು ತೆಗೆದು, "ಬನ್ನಿ ಒಳಗೆ, ನೆನೀತಿದೀರಿ," ಅಂದ.

"ನಾಲ್ಕಾಗಿಲ್ಲ ಕ್ಲಿಫರ್ಡ್," ಅಂದಳು ನೊರೀನ್, ಅಧಿಕಾರಿಗೆ ಕೇಳುವಷ್ಟು ಗಟ್ಟಿಯಾಗಿ. "ಕಾಗದದಲ್ಲಿ ನಾಲ್ಕು ಅಂತಿದೆ."

ಲೋರ್ನಾಗೆ ನಗು ಬಂತು. "ಅಯ್ಯೋ, ನಾನು ಅಷ್ಟರಲ್ಲಿ ನನ್ನ ಮನೆ ನೋಡ್ಕೊಂಡು ಬರ್ತೀನಿ," ಅಂತ ಹದಿನಾರರ ಬೆಲ್ ಒತ್ತಿದಳು. ಸರಪಳಿ ಹಾಕಿದ್ದ ಬಾಗಿಲು ನಾಲ್ಕು ಬೆರಳು ತೆರೆಯಿತು. ಕೈಗೂಸಿನ ತಾಯಿಯೊಬ್ಬಳು ಇಣುಕಿದಳು.

"ಯಾರು?"

"ನಾನಮ್ಮಾ, ಈ ಮನೆಯ ಓನರು."

"ಹೌದಾ? ನಿಮ್ಮನ್ನ ನೋಡೇ ಇಲ್ವಲ್ಲ. ಕಾಗದ ಹಾಕಿದ್ರಾ?"

"ಇಲ್ಲ, ಸುಮ್ನೆ ಹೀಗೇ..."

"ಮಗು ಈಗಷ್ಟೇ ಮಲಗಿದೆ. ಕಾಗದ ಹಾಕಿ ಬನ್ನಿ, ಪ್ಲೀಸ್." ಬಾಗಿಲು ಮುಚ್ಚಿತು, ಮೆತ್ತಗೆ.

ನೊರೀನ್ ಕೊಡೆಯನ್ನು ಮುಖದ ಮುಂದೆ ತಂದುಕೊಂಡಳು. ನಗುವುದಕ್ಕೂ ಇಪ್ಪತ್ನಾಲ್ಕು ಗಂಟೆ ಮುಂಚೆ ತಿಳಿಸಬೇಕೋ ಏನೋ. ಅಷ್ಟರಲ್ಲಿ ಚರ್ಚಿನ ಗಡಿಯಾರ ನಾಲ್ಕು ಹೊಡೆಯಿತು. ಅವಳು ಒಂದು ಕಾಲು ಹೊಸ್ತಿಲ ಮೇಲಿಟ್ಟು ನಿಂತಳು.

"ಕ್ಲಿಫರ್ಡ್, ನಮ್ಮ ಲೋರ್ನಾ ಮಳೇಲಿ ನಿಂತಿದಾಳೆ. ನಿನ್ನ ಮನೆ. ನೀನು ಹೂಂ ಅಂದ್ರೆ ಕರೀತೀನಿ."

"ಅದಕ್ಕೇನು, ಬರ್ಲಿ," ಅಂದ ಕ್ಲಿಫರ್ಡ್.

ಒಳಗೆ ಅವನು ಒಂದು ಬಿಸ್ಕತ್ತಿನ ಡಬ್ಬಿ ತಂದು ಮಿಸ್ ಸಾದಿಕ್ ಮುಂದೆ ಬಿಚ್ಚಿದ. ವರ್ಷದ ಕಾಗದಗಳೆಲ್ಲ ತಾರೀಖಿನ ಪ್ರಕಾರ ಇದ್ದವು. ಅವಳು ಒಂದೊಂದಾಗಿ ಓದಿದಳು. 'ಕಾರಣ: ಪರದೆ ಸೊಟ್ಟಗಿದೆ.' 'ಕಾರಣ: ಪರದೆ ಇನ್ನೂ ಸೊಟ್ಟಗಿದೆ.' 'ಕಾರಣ: ಪರದೆಯ ವಿಷಯ ತಮಗೆ ತಿಳಿದೇ ಇದೆ.' ಅವಳ ತುಟಿಯ ತುದಿ ಎರಡು ಸಲ ಅಲ್ಲಾಡಿತು.

"ಐದು ವರ್ಷ, ಮಿಸೆಸ್ ಆಸ್ಪಿನಾಲ್," ಅಂದಳು ಫೈಲು ಮುಚ್ಚುತ್ತ. "ವಾರದಲ್ಲಿ ಕಾಗದ ಬರತ್ತೆ."

ಅವಳು ಹೊರಟ ಮೇಲೆ ಟೀ ಬಂತು, ಶುಂಠಿ ಕೇಕು ಬಂತು. ಲೋರ್ನಾ ಒದ್ದೆ ಕೋಟು ತೆಗೆದು, ಸೊಟ್ಟ ಪರದೆಯನ್ನೂ ಬೆಚ್ಚಗಿನ ರೇಡಿಯೇಟರನ್ನೂ ನೋಡಿದಳು.

"ನಂಗೆ ಇದುವರೆಗೂ ಒಂದು ಕಪ್ ಟೀ ಕೊಟ್ಟಿಲ್ಲ ನನ್ನ ಬಾಡಿಗೆಯವರು," ಅಂದಳು ಸಣ್ಣಗೆ. "ನೀನು ಪುಣ್ಯವಂತೆ ಕಣೇ ನೊರೀನ್."

ಅರವತ್ತು ವರ್ಷ ಕಾದ ಮಾತು! ನೊರೀನ್ ಅದನ್ನು ಕೇಕಿನ ಜೊತೆ ನಿಧಾನಕ್ಕೆ ಅಗಿದಳು. ತನ್ನನ್ನು ಯಾರೋ ಹಾಡುಗಾರರ ಗುಂಪಿನ ಮುಂದಿನ ಸಾಲಿನಲ್ಲಿ ನಿಲ್ಲಿಸಿದ ಹಾಗಾಯಿತು. ದೊಡ್ಡ ಮನಸ್ಸು ಮಾಡಿ, "ಕಾಗದ ಹಾಕ್ತಾ ಇರು. ಒಂದಿನ ಕರೀತಾರೆ," ಅಂದಳು.

ಆಗ ಕ್ಲಿಫರ್ಡ್ ಕೇಕಿನ ದೊಡ್ಡ ತುಂಡನ್ನು ಲೋರ್ನಾಳ ತಟ್ಟೆಗೆ ಹಾಕುತ್ತ, "ನೀವು ಇಲ್ಲಿಗೇ ಬಂದ್ಬಿಡಿ," ಅಂದ. "ಊರಿಗೆ ಬಂದಾಗೆಲ್ಲ ಬನ್ನಿ. ಯಾವ ದಿನ ಬೇಕಾದ್ರೂ, ಎಷ್ಟು ಹೊತ್ತಿಗೆ ಬೇಕಾದ್ರೂ."

"ಕಾಗದ?" ಅಂದಳು ನೊರೀನ್.

"ಇವರಿಗ್ಯಾಕೆ ಕಾಗದ?" ಅಂದ ಕ್ಲಿಫರ್ಡ್, ನಿಷ್ಕಪಟವಾಗಿ. "ಇವರೇನು ನನ್ನ ಓನರಾ?"

ಲೋರ್ನಾ ನಕ್ಕಳು. ಕಾಲು ಚಾಚಿ ರೇಡಿಯೇಟರಿನ ಹತ್ತಿರ ಇನ್ನೊಂದಿಷ್ಟು ಸರಿದು ಕೂತಳು. ಅದರ ಗಾಳಿ ಬಿಟ್ಟು ಬೆಚ್ಚಗೆ ಮಾಡಿದ್ದು ಯಾರು ಅಂತ ಯಾರೂ ಕೇಳಲಿಲ್ಲ.

ಅವಳು ಇನ್ನೂ ಎರಡು ದಿನ ಊರಲ್ಲಿರುತ್ತೇನೆ ಅಂದಿದ್ದಳು. ನೊರೀನ್ ಬೀದಿ ದಾಟಿ ಮನೆಗೆ ಬಂದು, ಕೋಟು ಕೂಡ ಬಿಚ್ಚದೆ ಮೇಜಿನ ಮುಂದೆ ಕೂತು ಹಾಳೆ ಎಳೆದುಕೊಂಡಳು. 'ಮಾನ್ಯರೇ, ನಾಳೆ ಸಂಜೆ ಏಳು ಗಂಟೆಗೆ ಬರಲು ಅಪ್ಪಣೆ ಕೋರುತ್ತೇನೆ.' ಮುಂದಿನ ಸಾಲಿಗೆ ಬಂದು ಪೆನ್ನು ನಿಂತಿತು. ಪರದೆ ಅಂತ ಬರೆಯಬಹುದಿತ್ತು. ಆದರೆ ಐದು ವರ್ಷದ ಲೈಸೆನ್ಸು ಬಂದವಳು ಸುಳ್ಳು ಬರೆಯಬಾರದು.

'ಕಾರಣ: ನಮ್ಮ ಲೋರ್ನಾ ಅಲ್ಲಿದ್ದಾಳೋ ಹೇಗೆ ಎಂದು ನೋಡಲು.'