ಕಲ್ಲಮ್ಮ ಮತ್ತು ನೀಲಿ ದೀಪದ ತೊಟ್ಟಿಲು

ಭದ್ರಾವತಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕಲ್ಲಮ್ಮ ಇಪ್ಪತ್ತಾರು ವರ್ಷಗಳಿಂದ ಆಯಾ. ಹುಟ್ಟಿದ ಕೂಸನ್ನು ಕಿಟಕಿಯ ಬಳಿ ಹಿಡಿದು, ಮೂಗಿನ ತುದಿಯನ್ನು ಮೆಲ್ಲಗೆ ಒತ್ತಿ ಬಿಡುತ್ತಾರೆ. ಹಳದಿ ಕಂಡರೆ ಡಾಕ್ಟರಿಗೆ ಹೇಳುತ್ತಾರೆ. ರಕ್ತಪರೀಕ್ಷೆಯ ವರದಿ ಆಮೇಲೆ ಬಂದು, ಹೆಚ್ಚಿನ ಸಲ ಅವರು ಹೇಳಿದ್ದನ್ನೇ ಹೇಳುತ್ತದೆ.

ನಾನು ಅಲ್ಲಿಗೆ ಹೋದದ್ದು ಕಾಮಾಲೆಯ ಕೂಸುಗಳನ್ನು ಮಲಗಿಸುವ ನೀಲಿ ದೀಪದ ತೊಟ್ಟಿಲಿನ ಜೊತೆ. ಹಿಂದುಳಿದ ದೇಶಗಳ ಸಣ್ಣ ಆಸ್ಪತ್ರೆಗಳಿಗೆ ಉಪಕರಣ ಮಾಡುವ ಎಂ.ಟೆಕ್. ವಿದ್ಯಾರ್ಥಿಗಳಿಗೆ ಕೊಡುವ ಫೆಲೋಶಿಪ್ ನನಗೆ ಸಿಕ್ಕಿತ್ತು. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಮುಸ್ತಕೀಮ್ ಭಾಯಿ ತೊಟ್ಟಿಲಿನ ಚೌಕಟ್ಟು ವೆಲ್ಡ್ ಮಾಡಿಕೊಟ್ಟಿದ್ದರು. ಇಂಜಿನಿಯರ್ ಕೈ ಹಾಕದೆ ಅದು ಮೂವತ್ತು ದಿನ ನಡೆಯಬೇಕು ಎಂಬುದು ಫೆಲೋಶಿಪ್ ಸಮಿತಿಯ ಷರತ್ತು. ನಡೆದರೆ ಎರಡನೇ ವರ್ಷದ ಫೆಲೋಶಿಪ್, ಇನ್ನೂ ಹತ್ತು ತೊಟ್ಟಿಲು. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಊರಿನಲ್ಲಿ ಅಪ್ಪ ಕೂಡ ದಿನ ಎಣಿಸುತ್ತಿದ್ದರು.

ಕಲ್ಲಮ್ಮನಿಗೆ ನನ್ನ ಆತಂಕ ಗೊತ್ತಿತ್ತು. ದಿನವೂ ಸಂಜೆ ಫೋನ್ ಮಾಡಿ ತೊಟ್ಟಿಲಿನ ಕ್ಷೇಮ ಹೇಳಿ, ನಾನು ಉಂಡೆನೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು.

ಇಪ್ಪತ್ತಮೂರನೇ ದಿನ ಫೋನ್ ಬೆಳಿಗ್ಗೆಯೇ ಬಂತು. ಹಿಂದಿನ ದಿನ ಆಯುಧಪೂಜೆ, ತೊಟ್ಟಿಲು ಖಾಲಿಯಿತ್ತು. ಈಗ ಕೂಸನ್ನು ಮಲಗಿಸಿ ದೀಪ ಹಾಕಿದರೆ ತೊಟ್ಟಿಲಿನ ಅಲಾರಂ ಒಂದೇ ಸಮನೆ ಕೂಗಿ, ದೀಪ ಆರಿಹೋಯಿತಂತೆ. ಕೂಸನ್ನು ಕಾಮಾಲೆಗೆಂದೇ ಇದ್ದ ಹಳೆಯ ಟ್ಯೂಬ್‌ಲೈಟಿನ ಕೆಳಗೆ ಮಲಗಿಸಿದ್ದರು.

ಶಿವಮೊಗ್ಗದಿಂದ ಬಸ್ಸು ಹಿಡಿದು ಹೋದೆ. ಎರಡು ಗಂಟೆ ವೈರು, ಬೋರ್ಡು, ದೀಪ ಎಲ್ಲ ಬಿಚ್ಚಿ ನೋಡಿದೆ. ಎಲ್ಲವೂ ಸರಿಯಿತ್ತು. ಪಕ್ಕದಲ್ಲೇ ನಿಂತಿದ್ದ ಕಲ್ಲಮ್ಮ ಕೊನೆಗೆ ಕೇಳಿದರು:

"ತಲೆ ಹತ್ರ ಒಂದು ಗಾಜಿನ ಗುಂಡಿ ಇತ್ತಲ್ಲ ಮಾರಾಯ್ತಿ, ಅದು ಯಾತಕ್ಕೆ?"

ಬೆಳಕು ಅಳೆಯುವ ಸೆನ್ಸರ್ ಅದು. ಅದರ ಮೇಲೆ ದಪ್ಪಗೆ ಗಂಧ, ನಡುವೆ ಕುಂಕುಮ. ಬೆಳಕು ಕಾಣದೆ ದೀಪ ಕೆಟ್ಟಿದೆಯೆಂದು ಅದು ಕೂಗಿತ್ತು. ಆ ಕುಂಕುಮವನ್ನು ನಾನು ಬಂದಾಗಲೇ ನೋಡಿದ್ದೆ. ಆದರೆ ನಮ್ಮ ಮನೆಯ ಔಷಧಿ ಹೊಡೆಯುವ ಪಂಪಿಗೂ, ಸೈಕಲ್ಲಿಗೂ ಆ ದಿನ ಇಡುತ್ತೇವೆ. ಇದ್ದದ್ದು ಸರಿಯೆಂದೇ ಕಂಡಿತ್ತು.

ಕಲ್ಲಮ್ಮ ಸೆರಗಿನಿಂದ ಒರೆಸಿದರು. ದೀಪ ಹತ್ತಿತು.

ಸಮಿತಿಗೆ ಕಳಿಸುವ ವರದಿಯಲ್ಲಿ ಇದನ್ನು ಬರೆಯಬೇಕಿಲ್ಲ, ಯಂತ್ರವೇನೂ ಕೆಟ್ಟಿಲ್ಲವಲ್ಲ ಎಂದು ನಾನು ಮೆಲ್ಲಗೆ ಅಂದೆ. ಅವರು ಒಪ್ಪಲಿಲ್ಲ.

"ನಿಂತಿತ್ತು ಅಂತ ಬರಿ. ಕುಂಕುಮ ಕಲ್ಲಮ್ಮ ಇಟ್ಟಳು ಅಂತಾನೂ ಬರಿ. ಬೇರೆ ಊರಲ್ಲೂ ನನ್ನಂಥೋಳು ಒಬ್ಬಳು ಇರ್ತಾಳೆ. ಅಲ್ಲಿ ಕೂಸು ಒಳಗಿದ್ದಾಗ ಆರಿಹೋಗಿ, ಬೇರೆ ದೀಪಾನೂ ಇಲ್ದಿದ್ರೆ?"

ಹಾಗೆಯೇ ಬರೆದೆ. ಬಸ್ಸಿನಲ್ಲಿ ಕುಳಿತು ಅತ್ತೂಬಿಟ್ಟೆ. ಹತ್ತು ದಿನದ ಮೇಲೆ ಸಮಿತಿಯ ಉತ್ತರ ಬಂತು: ಸೆನ್ಸರನ್ನು ಯಾರ ಕೈಗೂ ಸಿಗದ ಕಡೆ ಇಟ್ಟು, ಮತ್ತೆ ಮೊದಲ ದಿನದಿಂದ ಎಣಿಸಿ. ಮುಸ್ತಕೀಮ್ ಭಾಯಿ ಅದನ್ನು ದೀಪದ ಪಕ್ಕ ಜಾಲರಿಯ ಹಿಂದೆ ಕೂರಿಸಿದರು. ಕುಂಕುಮಕ್ಕೆ ಎಲ್ಲಿ ಜಾಗ ಬಿಡಬೇಕೆಂದು ಕಲ್ಲಮ್ಮನನ್ನೇ ಕೇಳಿದೆವು.

ಈ ಸಲ ಮೂವತ್ತು ದಿನ ಪೂರ್ತಿಯಾಯಿತು. ಎರಡನೇ ವರ್ಷದ ಪತ್ರ ಬಂದ ದಿನ ಆಸ್ಪತ್ರೆಗೆ ಹೋಗಿ ಹೇಳಿದೆ. ಅವರು ಕೂಸಿನ ಬಟ್ಟೆ ಮಡಿಸುತ್ತಿದ್ದರು. ಎಷ್ಟು ತೊಟ್ಟಿಲು ಅಂದರು. ಹತ್ತು, ಅದರಲ್ಲಿ ಎರಡು ಆಫ್ರಿಕಾಕ್ಕೆ ಅಂದೆ.

"ಅಲ್ಲಿನ ಆಯಾಗಳು ಏನು ಇಡ್ತಾರೋ, ಮೊದ್ಲೇ ಕೇಳ್ಕೊಂಡು ಕಳ್ಸು," ಎಂದು ನನ್ನ ಕೈಗೆ ಅರ್ಧದಷ್ಟು ಬಟ್ಟೆ ಕೊಟ್ಟರು, ಮಡಿಸಲು.